ಗಂಧಕದ ಟೋಪಿ

೬ ಫೆಬ್ರವರಿ ೨೦೦೬, ಸೋಮವಾರ

ಮೂವತ್ತನಾಲ್ಕನ್ನು ನಲವತ್ತೆರಡೂವರೆ ಎಂದು ಬರೆಯುವುದು ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ. ಇವತ್ತು ಕಾರವಾರದ ಹಬ್ಬುವಾಡದಲ್ಲಿ, ಕಾಂಕ್ರೀಟು ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ, ನನ್ನ ಕಣ್ಣೆದುರೇ, ಲ್ಯಾಬಿನ ಯಜಮಾನ ದೇವಾನಂದ ಸರ್ ಆ ಕಳ್ಳತನ ಮಾಡಿದರು. ಮಾಡಿ, ಪೆನ್ನಿನ ಮುಚ್ಚಳ ಹಾಕಿ, ಊಟಕ್ಕೆಂದು ಮಹಡಿ ಹತ್ತಿದರು. ಮೇಲಿನಿಂದ ಮೀನು ಹುರಿಯುವ ವಾಸನೆ ಬಂತು.

ಅಂಕೋಲೆಯ ಬಾಳೆಗುಳಿ ಕ್ರಾಸಿನ ಹತ್ತಿರ ಸಹಕಾರಿ ಸಂಘದವರು ಏಳು ಮಹಡಿಯ ಆಸ್ಪತ್ರೆ ಕಟ್ಟಿಸುತ್ತಿದ್ದಾರೆ. ಕೆಳಗೆ ದೊಡ್ಡ ಹಾಲ್ ಬೇಕು, ಕಂಬಗಳು ತೆಳ್ಳಗಿರಬೇಕು ಎಂದು ಮುಂಬಯಿಯ ಇಂಜಿನಿಯರು ಎಂ ಅರವತ್ತು ಕಾಂಕ್ರೀಟು ಬರೆದಿದ್ದಾರೆ. ನಮ್ಮ ಕಡೆ ಮನೆಗೂ ಅಂಗಡಿಗೂ ಎಂ ಇಪ್ಪತ್ತು. ಇದು ಅದರ ಮೂರು ಪಟ್ಟು ಗಟ್ಟಿ. ಕಾಂಕ್ರೀಟು ಸುರಿದ ದಿನವೇ ಅದನ್ನೇ ಅಚ್ಚಿಗೆ ತುಂಬಿ ಒಂದಷ್ಟು ಕ್ಯೂಬ್, ಅಂದರೆ ಚೌಕ ಗಟ್ಟಿ, ಹಾಕಿಟ್ಟು, ತಿಂಗಳ ಮೇಲೆ ಒಡೆದು ನೋಡುವುದು ಕ್ರಮ. ಎರಡನೇ ಮಹಡಿಯ ಕಂಬಗಳಿಗೆ ಸುರಿದ ದಿನ ಗುತ್ತಿಗೆದಾರರ ಇಂಜಿನಿಯರ್ ನಿತೇಶ ಕ್ಯೂಬನ್ನೇ ಹಾಕಲಿಲ್ಲ. ಮರೆತನಂತೆ! ಹಾಗಾಗಿ ನಿಂತ ಕಂಬಗಳನ್ನೇ ಅಡ್ಡಕ್ಕೆ ಕೊರೆದು, ಮೊಗೆ ಸೌತೆಕಾಯಿ ಗಾತ್ರದ ಉರುಳೆಗಳನ್ನು ತೆಗೆದು ನಮ್ಮಲ್ಲಿಗೆ ಕಳಿಸಿದರು. ಇದಕ್ಕೆ ಕೋರ್ ಎನ್ನುತ್ತಾರೆ.

ಕೋರಿನ ತುದಿಗಳು ಒರಟು. ಒತ್ತುವ ಯಂತ್ರದ ತಟ್ಟೆಗೆ ಸಮನಾಗಿ ಕೂರಲಿ ಎಂದು ಎರಡೂ ತುದಿಗೆ ಕರಗಿದ ಗಂಧಕದ ಟೋಪಿ ಹಾಕಬೇಕು. ಅದು ನನ್ನ ಕೆಲಸ. ಹಳೆಯ ಕೋರುಗಳಿಂದ ಕಳಚಿದ ಟೋಪಿಗಳನ್ನೇ ಪಾತ್ರೆಗೆ ಹಾಕಿ ಮತ್ತೆ ಕರಗಿಸುತ್ತೇನೆ. ನಾನು ಒಂದು ಚೂರನ್ನೂ ಹಾಳು ಮಾಡುವವಳಲ್ಲ. ನಾತ ಕೂದಲಿಗೆ ಹತ್ತುತ್ತದೆ. ಸಂಜೆ ಅಂಕೋಲೆಯ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ. ಕೊಳೆತದ್ದು ನಾನಲ್ಲ.

ಮೂರು ಕೋರು ಒತ್ತಿದೆವು. ಮೂವತ್ತನಾಲ್ಕು, ಮೂವತ್ತಾರು, ಮೂವತ್ತೊಂದು. ಒಣ ಸೌದೆಯ ಹಾಗೆ ಉದ್ದಕ್ಕೆ ಸೀಳಿದವು. ಅರವತ್ತು ಬರಬೇಕಾದಲ್ಲಿ ಮೂವತ್ತೊಂದು! ಸರ್ ಒಂದೊಂದನ್ನೂ ಒಂದೂಕಾಲರಿಂದ ಗುಣಿಸುತ್ತ ಹೋದರು.

"ಇದು ಯಾವ ಲೆಕ್ಕ ಸರ್?"

"ಅರೇ ಗಾಯತ್ರಿ ಬಾಯಿ, ಕೋರ್ ಉದ್ದ ಇರ್ತದೆ, ಕ್ಯೂಬ್ ಗಿಡ್ಡ. ಒಂದೇ ಮಾಲಾದ್ರೂ ಗಿಡ್ಡಂದು ಜಾಸ್ತಿ ತಡೀತದೆ, ಉದ್ದಂದು ಬೇಗ ಬಿರೀತದೆ. ಅದ್ಕೇ ಕೋರಿನ ಅಂಕೆನ ಕ್ಯೂಬಿನ ಅಂಕೆ ಮಾಡೂಕೆ ಒಂದೂಕಾಲು. ಪುಸ್ತಕದಲ್ಲೇ ಅದೆ."

"ಪುಸ್ತಕ ಬರೆದವರು ಯಾರು? ಗುತ್ತಿಗೆದಾರರಾ?"

"ನಿನ್ನ ಹತ್ರ ಮಾತಾಡೂದಕ್ಕಿಂತ ಈ ಯಂತ್ರದ ಹತ್ರ ಮಾತಾಡೂದು ಚಲೋ."

ಅದೇ ಪುಸ್ತಕದಲ್ಲಿ ಇನ್ನೊಂದು ದಯೆಯೂ ಇದೆಯಂತೆ. ಕೋರುಗಳ ಸರಾಸರಿ ಅರವತ್ತೇ ಬರಬೇಕೆಂದಿಲ್ಲ, ಐವತ್ತೊಂದು ಬಂದರೆ ಸಾಕು. ಒಂದೊಂದು ಕೋರು ನಲವತ್ತೈದಕ್ಕೆ ಇಳಿದರೂ ನಡೆಯುತ್ತದೆ. ಗ್ರೇಸ್ ಮಾರ್ಕು! ಬಡವರ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಸಿಗದ ಗ್ರೇಸ್ ಮಾರ್ಕು ಕಂಬಗಳಿಗೆ ಸಿಗುತ್ತದೆ.

ಕಾರವಾರ ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಕೊಂಡ ಹೋರಾಟದ ಕಿರುಹೊತ್ತಿಗೆಯೊಂದರಲ್ಲಿ ಗೆರೆ ಎಳೆದಿಟ್ಟ ಮಾತು: ಲೆಕ್ಕ ಎಲ್ಲಿ ಜಟಿಲವಾಗುತ್ತದೋ ಅಲ್ಲಿ ಯಾರದೋ ಕುತ್ತಿಗೆ ಕೊಯ್ಯಲಾಗುತ್ತಿದೆ. ಇವತ್ತು ಆ ಮಾತಿನ ಮುಖ ನೋಡಿದೆ.

ಇದೇ ಕಂಬಗಳಿಗೆ ನನ್ನ ಅವ್ವಿ ನೀರು ಹೊಯ್ದಿದ್ದಾಳೆ. ಹಸಿ ಕಾಂಕ್ರೀಟು ಒಣಗಬಾರದೆಂದು ಗೋಣಿ ಸುತ್ತಿ, ಕೊಡದಲ್ಲಿ ನೀರು ಹೊತ್ತು ಹೊತ್ತು ಅವಳ ಭುಜದ ಸೀರೆ ಸವೆದಿದೆ. ಅವಳ ಬೆವರಿನ ಮೇಲೆ ಇವರ ಗುಣಾಕಾರ!

೭ ಫೆಬ್ರವರಿ, ಮಂಗಳವಾರ

ಕದ್ದರೂ ಸಾಲಲಿಲ್ಲ! ಗುಣಿಸಿದ ಮೇಲೂ ಸರಾಸರಿ ನಲವತ್ತೆರಡು. ಕಂಬಗಳು ಫೇಲು.

ಸರ್ ಮಾತ್ರ ವರದಿಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕೂತರು. "ಇದ್ರಲ್ಲಿ ಎಂತೋ ಸರಿ ಇಲ್ಲ ಗಾಯತ್ರಿ. ಇಷ್ಟು ಕೆಳಗೆ ಬರೂಕಾಗ. ಒಂದೆರಡು ದಿನ ತಡಿ, ವಿಚಾರ ಮಾಡ್ವಾ."

ವಿಚಾರವಂತೆ. ಗುತ್ತಿಗೆದಾರರ ಕಾರು ಅಂಗಳಕ್ಕೆ ಬರುವವರೆಗಿನ ಬಿಡುವಿಗೆ ಇವರ ಭಾಷೆಯಲ್ಲಿ ವಿಚಾರ ಎಂದು ಹೆಸರು. "ಕಳಿಸದಿದ್ದರೆ ನಾನೇ ಹೋಗಿ ಕೊಡುತ್ತೇನೆ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಸಹಿ ಹಾಕಿದರು. ಹೆದರಿದರು.

ಒಡೆದ ಕೋರಿನ ಎರಡು ದೊಡ್ಡ ತುಂಡುಗಳನ್ನು ಚೀಲದಲ್ಲಿ ಮನೆಗೆ ತಂದಿದ್ದೇನೆ. ಸಾಕ್ಷಿ ಬೇಕು.

೧೧ ಫೆಬ್ರವರಿ, ಶನಿವಾರ

ರೂಪೇಶನ ಅಂಗಡಿಯಲ್ಲಿ ಕರಪತ್ರ ತಯಾರಾಯಿತು. ಕಾರವಾರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಹುಡುಗ. ಅವನಿಂದಲೇ ನಾನು ಮೊದಲ ಕಿರುಹೊತ್ತಿಗೆಗಳನ್ನು ಓದಲು ತಂದದ್ದು. ತಲೆಬರಹ ನನ್ನದು: ಇವು ಕಂಬಗಳಲ್ಲ, ರೋಗಿಗಳ ಗೋರಿಗಲ್ಲುಗಳು. ಕೆಳಗೆ ಮೂರು ಅಂಕೆಗಳನ್ನು ಗುಣಿಸದೆ ಇದ್ದ ಹಾಗೇ ಕೊಟ್ಟೆ.

ರೂಪೇಶ ಪರದೆಯ ಮೇಲೆ ಅಕ್ಷರ ಸರಿಸುತ್ತ, "ಅಂಕೆ ಯಾರು ಓದ್ತಾರೆ? ಜನರ ಬಾಯಲ್ಲಿ ಕೂರುವಂಥದ್ದು ಒಂದು ಸಾಲು ಬೇಕು" ಎಂದ. ಕೂತಲ್ಲೇ ಬರೆದೆ: ಕ್ಯೂಬ್ ಇಲ್ಲ, ಕ್ಯೂರಿಂಗ್ ಇಲ್ಲ, ಕಾಳಜಿ ಇಲ್ಲ! ಅವನು ತೊಡೆ ತಟ್ಟಿದ.

ಅಕ್ಷರ ದಪ್ಪಗೆ ಬಂದಿದೆ. ನೋಡಿದಷ್ಟೂ ಸಮಾಧಾನ.

೧೩ ಫೆಬ್ರವರಿ, ಸೋಮವಾರ

ರಜೆ ಹಾಕಿ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಹಂಚಿದೆ. ಜನ ಎರಡು ಬೆರಳಿನಲ್ಲಿ ಹಿಡಿದು, ಮಡಚಿ, ಬೆವರು ಒರೆಸಿಕೊಂಡರು. ಒಬ್ಬ ಅದನ್ನು ಹಾಸಿ ಅದರ ಮೇಲೆ ಕೂತ. ಶೇಂಗಾ ಮಾರುವವನಿಗೆ ಕೊಟ್ಟದ್ದು, ತಿರುಗಿ ಬರುವಷ್ಟರಲ್ಲಿ ಶೇಂಗಾ ತುಂಬಿದ ಪೊಟ್ಟಣವಾಗಿತ್ತು. ಇವರ ಆಸ್ಪತ್ರೆ, ಇವರ ಸಾವು, ಇವರದೇ ಶೇಂಗಾ. ಈ ಜನರ ಮೇಲೆ ನನಗೆ ಹೇಸಿಗೆ ಹುಟ್ಟುತ್ತಿದೆ. ಹುಟ್ಟಬಾರದು ಎಂದು ಕಿರುಹೊತ್ತಿಗೆ ಹೇಳುತ್ತದೆ. ಕಿರುಹೊತ್ತಿಗೆ ಬರೆದವರು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಲ್ಲ.

ಆದರೆ ಒಂದು ಪ್ರತಿ ಹೀರಾ ಡಾಕ್ಟರ ಕೈಗೆ ಹೋಗಿದೆ. ಆಸ್ಪತ್ರೆ ಸಂಘದ ಅಧ್ಯಕ್ಷೆ. ಸಂಜೆಯೊಳಗೆ ಕೆಲಸ ನಿಲ್ಲಿಸಲು ಹೇಳಿದರಂತೆ. ಗೆದ್ದೆವು!

೧೬ ಫೆಬ್ರವರಿ, ಗುರುವಾರ

ಸಂಜೆ ನಮ್ಮೂರು ಭಾವಿಕೇರಿಗೆ ಬಂದರೆ ಅವ್ವಿ ಹೊತ್ತಿಗೆ ಮೊದಲೇ ಮನೆಯಲ್ಲಿದ್ದಳು. ಜಗಲಿಯ ಮೇಲೆ ಬೀರಿ ಕಾಲು ಚಾಚಿ ಕೂತಿದ್ದಳು. ಇಬ್ಬರೂ ಅದೇ ಕಟ್ಟಡದಲ್ಲಿ ನೀರು ಹೊಯ್ಯುವವರು.

"ಬಂದ್ಲು ನೋಡು ಕಂಬದ ಡಾಕ್ಟ್ರು," ಬೀರಿ ಅಂದಳು. "ನಿಮ್ಮಲ್ಲಿ ಕಂಬ ಫೇಲಾಯ್ತಂತಲ್ಲೇ ಗಾಯತ್ರಿ. ಕಂಬ ಫೇಲಾದ್ರೆ ಕಂಬನ ಮನಿಗೆ ಕಳಸ್ಬೇಕು. ನಮ್ಮನ್ಯಾಕೆ ಕಳ್ಸಿದ್ರು?"

"ಯಾರು ಕಳಿಸಿದ್ದು?"

"ಮತ್ಯಾರು, ಆ ನಿತೇಶ. ಹೆಂಗಸ್ರು ನೀರ್ ಹೊಯ್ಲಿಲ್ಲ, ಅದ್ಕೇ ಕಂಬ ಬಾಡ್ತು ಅಂದ, ದೊಡ್ಡ ಡಾಕ್ಟ್ರ ಎದ್ರಿಗೇ. ಬಾಡೂಕೆ ಅದೇನು ಹರಿವೆ ಸೊಪ್ಪಾ? ನಮ್ಮ ಗುಂಪಿನವರು ಯಾರೂ ನಾಳಿಂದ ಬರೂದು ಬೇಡಂತೆ."

ಅವ್ವಿ ಒಣಮೀನಿನ ತಲೆ ಮುರಿಯುತ್ತಿದ್ದಳು. ನಾನು ಅವಳೆದುರು ಕೂತೆ. "ನೀನು ಏನೂ ಹೇಳಲಿಲ್ವಾ?"

"ಹೇಳ್ದೆ. ದಿನಾ ಹೊಯ್ದಿದ್ರ್ಯಾ ಅಂತ ಅಂವ ಕೇಳ್ದ. ಹೊಯ್ದಿದ್ವು. ಒಂದಿನ ಮಾತ್ರ ಟ್ಯಾಂಕರ್ ಬರ್ಲಿಲ್ಲ, ಹೌದದಲ್ಲ ಬೀರಿ, ಆ ದಿನ ತುದಿ ಕಂಬಕ್ಕೆ ಬರೂ ಹೊತ್ತಿಗೆ ನೀರು ಮುಗ್ದಿತ್ತು, ಅಂದೆ."

"ಅದನ್ನ ಯಾಕೆ ಹೇಳಿದೆ ಅವ್ವಿ!"

"ಕೇಳ್ದ. ಹೇಳ್ದೆ."

ಮೀನಿನ ನಾತ, ನನ್ನ ತಲೆಯ ಗಂಧಕದ ನಾತ. ಊಟ ಸೇರಲಿಲ್ಲ.

೧೭ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಬಾಳೆಗುಳಿಗೆ ಹೋಗಿ ನಿತೇಶನನ್ನು ಹಿಡಿದೆ. ಬಾಯ್ತುಂಬ ಗುಟ್ಕಾ. ಮಾತಿಗೆ ಮೊದಲು ಉಗಿದ, ಅದೂ ಕಂಬದ ಬುಡಕ್ಕೆ. ಕೆಂಪು ಇಳಿದು ಹೋಗುವುದನ್ನು ನೋಡುತ್ತ ನಿಂತೆ.

"ಕ್ಯೂಬ್ ಹಾಕಲು ಮರೆತವನು ನೀನು. ಶಿಕ್ಷೆ ಅವರಿಗಾ?"

"ನಾ ಎಂತ ಮಾಡ್ಲಿ ತಂಗಿ? ನಿಮ್ಮ ಲ್ಯಾಬಿನ ಕಾಗದವೇ ಕಂಬ ಕೆಟ್ಟದೆ ಅಂತದೆ. ಸಿಮೆಂಟು ಸರಿ ಅದೆ, ಜಲ್ಲಿ ಸರಿ ಅದೆ, ಬಿಲ್ಲು ತೋರಸ್ತೆ ಬೇಕಾರೆ. ಉಳ್ದದ್ದೆಂತದು? ನೀರು." ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ನನ್ನ ಕರಪತ್ರ. "ನೀವೇ ಬರ್ದಿದ್ರಿ ನೋಡಿ. ಕ್ಯೂರಿಂಗ್ ಇಲ್ಲ. ಕ್ಯೂರಿಂಗ್ ಅಂದ್ರೆ ಎಂತದು ತಂಗಿ? ನೀರು ಹೊಯ್ಯೂದು. ಹೊಯ್ಯೂದು ಯಾರ ಕೆಲ್ಸ? ಇದನ್ನೇ ನಾ ಡಾಕ್ಟ್ರಿಗೆ ಓದಿ ಹೇಳ್ದೆ. ಥ್ಯಾಂಕ್ಸು ಹಾಂ."

ದಪ್ಪ ಅಕ್ಷರ. ಅವನ ಬೆರಳಿನ ಕೆಂಪು ಕಲೆ ಆ ಸಾಲಿನ ಮೇಲೆಯೇ ಇತ್ತು.

ಲ್ಯಾಬಿಗೆ ತಡವಾಗಿ ಹೋದೆ.

೨೦ ಫೆಬ್ರವರಿ, ಸೋಮವಾರ

ಅವ್ವಿ ಪಕ್ಕದ ಕೇರಿಯ ಹರಿವೆ ಗದ್ದೆಗೆ ಹೋಗುತ್ತಿದ್ದಾಳೆ. ನೀರು ಹೊಯ್ಯಲಿಲ್ಲ ಎಂದು ಓಡಿಸಿದವಳನ್ನು ಇನ್ನೊಬ್ಬ ನೀರು ಹೊಯ್ಯಲಿಕ್ಕೇ ಕರೆದಿದ್ದಾನೆ. ಕೆಲಸ ವಾರವೂ ಇಲ್ಲ. ಬೇರೆ ಕಟ್ಟಡಕ್ಕೆ ಕೇಳಿದರೆ, "ನೀವು ಬಾಳೆಗುಳಿಯವರಲ್ಲ?" ಎನ್ನುತ್ತಾರಂತೆ.

ಬರೆಯಲು ಏನೂ ಇಲ್ಲ. ಅಸಹ್ಯ.

೨೬ ಫೆಬ್ರವರಿ, ಭಾನುವಾರ

ಅಂಗಳದಲ್ಲಿ ಒಣಹಾಕಿದ ಸಿಗಡಿಯ ಚಾಪೆ ಹಾರದಂತೆ ಅವ್ವಿ ನನ್ನ ಸಾಕ್ಷಿಯ ತುಂಡುಗಳನ್ನು ಮೂಲೆಗೆ ಹೇರಿದ್ದಾಳೆ. ಕಾಗೆ ಓಡಿಸಲು ನನ್ನನ್ನು ಕೂರಿಸಿ ಹೋದಳು. ನೊಣ, ನಾತ, ಬಿಸಿಲು. ಕೂತು ಕೂತು ಆ ತುಂಡುಗಳನ್ನೇ ನೋಡಿದೆ.

ಒಡೆದ ಮುಖದಲ್ಲಿ ಜಲ್ಲಿಕಲ್ಲುಗಳು ಎರಡು ಹೋಳಾಗಿವೆ.

ನಾನು ಎಷ್ಟೋ ಎಂ ಇಪ್ಪತ್ತು ಕ್ಯೂಬ್ ಒಡೆದಿದ್ದೇನೆ. ಅವುಗಳಲ್ಲಿ ಬಿರುಕು ಕಲ್ಲಿನ ಸುತ್ತ ಬಳಸಿ ಹೋಗುತ್ತದೆ. ಹಲಸಿನ ತೊಳೆಯಿಂದ ಬೇಳೆ ಜಾರಿದಂತೆ ಇಡೀ ಕಲ್ಲು ಹೊರಗೆ ಬಂದು ಗುಳಿ ಉಳಿಯುತ್ತದೆ. ಸಿಮೆಂಟು ಕಲ್ಲನ್ನು ಬಿಟ್ಟುಕೊಡುತ್ತದೆ. ಇಲ್ಲಿ ಬಿಟ್ಟಿಲ್ಲ. ಹಿಡಿದ ಕಲ್ಲಿನ ಜೊತೆಗೇ ಸೀಳಿದೆ. ಇಷ್ಟು ಬಿಗಿಯಾದ ಕಾಂಕ್ರೀಟು ಮೂವತ್ತೊಂದಕ್ಕೆ ಹೇಗೆ ಸಾಯುತ್ತದೆ?

ತುದಿಗೆ ಅಂಟಿದ ನಮ್ಮ ಗಂಧಕ ನೋಡಿದೆ. ಅಂಚಿನಲ್ಲಿ ಉಗುರು ಆಡಿಸಿದರೆ ಅರಿಶಿನ ಪುಡಿಯ ಹಾಗೆ ಉದುರಿತು. ಒಂದು ಬದಿ ದಪ್ಪ ಉಳಿದಿದೆ, ಇನ್ನೊಂದು ಬದಿ ಪುಡಿಯಾಗಿ ಹೋಗಿದೆ. ಅಂದರೆ ಮೊದಲು ಟೋಪಿ ಕುಸಿದಿದೆ. ಭಾರವೆಲ್ಲ ಒಂದೇ ಅಂಚಿಗೆ ಬಿದ್ದು ಕೋರು ಉದ್ದಕ್ಕೆ ಸೀಳಿದೆ.

ಯಂತ್ರ ಅಳೆದದ್ದು ಕಂಬವನ್ನಲ್ಲ. ಗಂಧಕವನ್ನು.

ಕಾಗೆ ಸಿಗಡಿ ಎತ್ತಿಕೊಂಡು ಹೋದದ್ದಕ್ಕೆ ಅವ್ವಿಯಿಂದ ಬೈಸಿಕೊಂಡೆ.

೨೭ ಫೆಬ್ರವರಿ, ಸೋಮವಾರ

ತುಂಡುಗಳನ್ನು ಸರ್ ಮೇಜಿನ ಮೇಲಿಟ್ಟೆ. ಸಿಗಡಿ ವಾಸನೆಗೆ ಮುಖ ಸಿಂಡರಿಸಿದವರು, ಆಮೇಲೆ ಭೂತಗನ್ನಡಿ ತಂದರು. ಎದ್ದು ಹೋಗಿ ಗಂಧಕದ ಪಾತ್ರೆಯ ತಳವನ್ನು ಕೋಲಿನಿಂದ ಕೆದಕಿದರು. ಕಪ್ಪು ಕಸ.

"ಇದನ್ನ ಎಷ್ಟು ಸಲ ಕರಗ್ಸಿದ್ಯೆ?"

"ಯಾವಾಗಲೂ ಇದನ್ನೇ ಅಲ್ವಾ ಸರ್?"

"ಹೌದು. ಯಾವಾಗಲೂ ಇದನ್ನೇ." ಕುರ್ಚಿಗೆ ಕುಸಿದರು. "ನಾವು ಹುಟ್ಟಿದಾಗಿನಿಂದ ಎಂ ಇಪ್ಪತ್ತು ಒಡ್ಕೊಂಡು ಬಂದವ್ರು. ಅದ್ರ ಎದುರು ಈ ಗಂಧಕ ಪೈಲ್ವಾನ. ಅರವತ್ತರ ಎದುರು ಇದು ಹಪ್ಪಳ. ಕಾಯ್ಸಿದಷ್ಟೂ ಅದ್ರ ಜೀವ ಹೋಗ್ತದೆ. ಗಟ್ಟಿ ಕಾಂಕ್ರೀಟಿಗೆ ಟೋಪಿ ಹಾಕೂದೇ ಅಲ್ಲ, ತುದಿನೇ ಉಜ್ಜಿ ಕನ್ನಡಿ ಮಾಡ್ಬೇಕು. ಅದೂ ಪುಸ್ತಕದಲ್ಲೇ ಅದೆ, ನಾವು ಆ ಪಾನು ತಿರುಗ್ಸಲಿಲ್ಲ. ಎರಡು ದಿನ ತಡಿ ಅಂದಿದ್ದೆ ನಿಂಗೆ."

ಕೋಲಿಗೆ ಅಂಟಿದ ಕಪ್ಪು ಕಸವನ್ನು ನಾನು ಒರೆಸಿದೆ.

"ಈಗ ಸುಮ್ನೆ ಒಂದು ಚೀಟಿ ಬರ್ದು ಮೊದಲ್ನೇ ವರದಿ ವಾಪಸ್ ತಕಂಡು ಬಿಡ್ವಾ. ಯಾರಿಗೂ ಕಾರಣ ಬೇಡ. ಲ್ಯಾಬಿನ ಹೆಸ್ರು ಅದಲ್ಲ."

ಸುಮ್ಮನೆ! ಆ ಹೆಂಗಸರನ್ನು ಸುಮ್ಮನೆ ಕಳಿಸಿದ್ದರೇ? ಬಾಯಿ ತೆರೆದೆ. ಸರ್ ಕೈಯೆತ್ತಿದರು. "ಗೊತ್ತಾಯ್ತು. ಹೇಳ್ಬೇಡ."

ಪಾತ್ರೆಯ ಗಂಧಕವನ್ನು ಹಿತ್ತಿಲಿನಲ್ಲಿ ಗುಂಡಿ ತೋಡಿ ಹೂತೆ.

೨ ಮಾರ್ಚ್, ಗುರುವಾರ

ಕೊರೆದ ಕೋರುಗಳಿಂದ ಅಳತೆಗೆ ಕತ್ತರಿಸಿ ಉಳಿದ ಗಿಡ್ಡ ತುಂಡುಗಳು ಎರಡಿದ್ದವು. ಅಡುಗೆಕಟ್ಟೆಯ ಕಪ್ಪುಕಲ್ಲು ಪಾಲಿಶ್ ಮಾಡುವ ಅಂಗಡಿಗೆ ಒಯ್ದೆ. ಅವನು, "ಇದ್ಯಾವ ದೇವರು ಬಾಯಿ?" ಎಂದು ಕೇಳಿದ. ಒಂದೊಂದು ತುದಿಗೂ ಮೂಲೆಮಟ್ಟ ಇಟ್ಟು ನೋಡಿದೆ. ಬೆಳಕು ತೂರಿದರೆ ಮತ್ತೆ ಉಜ್ಜಿಸಿದೆ. ಅವನು ಸಿಟ್ಟಾಗಿ ಬೀಡಿ ಹಚ್ಚಿದ. ಮತ್ತೆ ಉಜ್ಜಿಸಿದೆ. ಮುಗಿಯುವಾಗ ಕಲ್ಲಿನ ಹುಡಿ ನನ್ನ ಹಲ್ಲಿನಲ್ಲಿತ್ತು.

ಮಧ್ಯಾಹ್ನ ಒತ್ತಿದೆವು. ಈ ಸಲ ಸೀಳಲಿಲ್ಲ. ಸಿಡಿಯಿತು. ಸರ್ ಒಂದು ಹೆಜ್ಜೆ ಹಿಂದೆ ಹಾರಿದರು.

ಒಂದು ಐವತ್ತಕ್ಕೆ, ಇನ್ನೊಂದು ನಲವತ್ತೇಳಕ್ಕೆ. ಆದರೆ ಇವು ಗಿಡ್ಡ ತುಂಡುಗಳು, ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಆದ್ದರಿಂದ ಮೊದಲು ಉದ್ದದ ತಿದ್ದುಪಡಿ ಹಾಕಿ ಇಳಿಸಿದೆ. ನಲವತ್ತಾರು, ನಲವತ್ಮೂರು. ಆಮೇಲೆ ಒಂದೂಕಾಲರಿಂದ ಗುಣಿಸಿದೆ. ಐವತ್ತೇಳೂವರೆ, ಐವತ್ನಾಲ್ಕು, ಚೂರು ಕಡಿಮೆ.

ಸರ್ ನನ್ನ ಹೆಗಲ ಮೇಲಿಂದ ನೋಡುತ್ತಿದ್ದವರು ನಗತೊಡಗಿದರು. ಯಾಕೆ ನಕ್ಕರೋ ತಿಳಿಯಲಿಲ್ಲ.

೩ ಮಾರ್ಚ್, ಶುಕ್ರವಾರ

ರೂಪೇಶನ ಅಂಗಡಿಗೆ ಹೋಗಿ, ಇನ್ನೊಂದು ಕರಪತ್ರ ಬೇಕು ಎಂದೆ. ಅಷ್ಟೇ ಗಾತ್ರ, ಅಷ್ಟೇ ದಪ್ಪ ಅಕ್ಷರ. ಕಂಬಗಳ ಬಗ್ಗೆ ಬರೆದದ್ದು ತಪ್ಪಿರಬಹುದು, ಕ್ಯೂರಿಂಗ್ ಬಗ್ಗೆ ಬರೆದದ್ದು ಖಂಡಿತ ತಪ್ಪು.

ಅವನು ಕುರ್ಚಿ ತಿರುಗಿಸಿ ಕೂತ. "ಹುಚ್ಚು ಹಿಡಿದಿದ್ಯಾ? ಆ ಗುತ್ತಿಗೆದಾರ ಕಳ್ಳ ಹೌದೋ ಅಲ್ವೋ?"

"ಹೌದು. ಇರಬಹುದು. ಬೇರೆ ಕಡೆ."

"ಮತ್ತೆ? ಅಲ್ಲಿ ಸಿಕ್ಕಿಬೀಳದಿದ್ರೆ ಬೇರೆ ಕಡೆದಕ್ಕೆ ಇಲ್ಲೇ ಹೊಡೀಬೇಕು. ನಿನ್ನ ಎರಡು ತುಂಡು ಕಲ್ಲಿಗಾಗಿ ಅವನ ಕೈಗೆ ಹಾರ ಕೊಡ್ತೀಯಾ? ಸಾಲು ಜನರ ಬಾಯಲ್ಲಿ ಕೂತಾಗಿದೆ. ಅದನ್ನ ಕೀಳಬೇಡ."

"ಅದು ಕೂತದ್ದು ನನ್ನ ಅವ್ವಿಯ ಮೇಲೆ."

"ಒಬ್ರು ಇಬ್ರಿಗೆ ನೋವಾಗ್ತದೆ ಗಾಯತ್ರಿ. ದೊಡ್ಡ ಕೆಲಸದಲ್ಲಿ."

ಈ ಮಾತನ್ನು ನಾನೇ ಎಲ್ಲೋ ಗೆರೆ ಎಳೆದು ಓದಿದ್ದೆ. ಎದ್ದು ಹೊರಗೆ ಬಂದೆ. ಬಸ್ಸಿನಲ್ಲಿ ಕೂತು ಕೈಬರಹದಲ್ಲೇ ಬರೆದೆ. ಅಲುಗಾಟಕ್ಕೆ ಅಕ್ಷರ ಸೊಟ್ಟ. ಶೇಂಗಾ ಮಾರುವವನ ಗಾಡಿಗೆ ಅಂಟಿಸಿ ಬಂದೆ. ಅವನು ಓದಿದ. "ಇದು ಒಂದೇ ಪ್ರತಿನಾ? ಪೊಟ್ಟಣಕ್ಕೆ ಸಾಕಾಗ" ಅಂದ.

೬ ಮಾರ್ಚ್, ಸೋಮವಾರ

ಸಂಘದ ಸಭೆ. ಹೀರಾ ಡಾಕ್ಟರು, ನಿತೇಶ, ದೇವಾನಂದ ಸರ್, ನಾನು. ಚಹ, ಬಿಸ್ಕತ್ತು. ಯಾರ ಹೆಸರು ಕೆಟ್ಟಿದೆಯೋ ಅವರಿಗೆ ಮಾತ್ರ ಕುರ್ಚಿ ಇಲ್ಲ.

ಸರ್ ಎದ್ದು ನಿಂತು ಗಂಧಕದ ಕಥೆಯನ್ನು ಒಂದೂ ಬಿಡದೆ ಹೇಳಿದರು. ಅವರ ಕಿವಿ ಕೆಂಪಾಗಿತ್ತು. ನಿತೇಶ ಮೇಜು ಬಡಿದ. "ನಾ ಹೇಳ್ಲಿಲ್ವಾ ಡಾಕ್ಟ್ರೇ, ನಮ್ಮ ಮಾಲು ಫಸ್ಟ್‌ಕ್ಲಾಸ್ ಅಂತ! ತಂಗಿ, ಬಿಸ್ಕತ್ತು ತಕೊಳ್ಳಿ." ಅವನ ಕಡೆಯ ಸತ್ಯವನ್ನು ಹೊತ್ತು ತಂದವಳು ನಾನು. ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆಗೇ ದೂಡಿದೆ.

"ಅಂದ್ರೆ ಕಂಬ ಪಾಸಾ?" ಡಾಕ್ಟರು ನನ್ನನ್ನು ಕೇಳಿದರು.

"ಗೊತ್ತಿಲ್ಲ ಡಾಕ್ಟ್ರೇ. ಉಳಿದ ಎರಡು ಗಿಡ್ಡ ತುಂಡಿನ ಮೇಲೆ ಆಸ್ಪತ್ರೆ ನಿಲ್ಲಿಸಬೇಡಿ. ಮೊದಲನೆಯದು ಪರೀಕ್ಷೆಯೇ ಅಲ್ಲ, ಇದು ಅರ್ಧ ಪರೀಕ್ಷೆ. ಹೊಸದಾಗಿ ಮೂರು ಕೊರೆಯಬೇಕು, ತುದಿ ಉಜ್ಜಬೇಕು."

"ಅಲ್ಲೀವರೆಗೆ ಆ ಹೆಂಗಸ್ರು ಹೊರಗೇ ಇರ್ಲಿ," ನಿತೇಶ ಅಂದ. "ಒಂದಿನ ಹೊಯ್ಲಿಲ್ಲ ಅಂತ ಅವ್ರೇ ಒಪ್ಕಂಡಾರೆ."

ಡಾಕ್ಟರು ಬೆರಳಿನಿಂದ ಮೇಜು ಕುಟ್ಟಿದರು. "ಹಾಗಾದ್ರೆ ಎಲ್ಲಿ ಕೊರೀಬೇಕು ಅಂತ ಅವ್ರೇ ತೋರಿಸ್ಲಿ. ಪಾಸಾದ್ರೆ ನೀವೇ ಅವ್ರ ಊರಿಗೆ ಹೋಗಿ ಕರ್ಕೊಂಡು ಬರ್ಬೇಕು ನಿತೇಶ್. ಫೇಲಾದ್ರೆ ಅವ್ರೂ ಇಲ್ಲ, ನೀವೂ ಇಲ್ಲ."

ಒಡೆಯುವಾಗ ಅವರೂ ಎದುರಿಗಿರಬೇಕು ಎಂದೆ. ಡಾಕ್ಟರು ದೇವಾನಂದ ಸರ್ ಕಡೆ ನೋಡಿದರು. "ನಿಮ್ಮ ಲ್ಯಾಬಲ್ಲಿ ಅಷ್ಟು ಜಾಗ ಅದ್ಯಾ?"

"ಮಾಡ್ತೆ," ಸರ್ ಅಂದರು.

೯ ಮಾರ್ಚ್, ಗುರುವಾರ

ಬಾಳೆಗುಳಿ, ಎರಡನೇ ಮಹಡಿ. ಕೊರೆಯುವ ಯಂತ್ರ ಸಿದ್ಧವಾಗಿತ್ತು. ಅವ್ವಿ ಸಾಲಿನ ಉದ್ದಕ್ಕೂ ನಡೆದಳು. ಎರಡು ಕಂಬಗಳಿಗೆ ಬೀರಿ ಸುಣ್ಣದ ಗುರುತು ಹಾಕಿದಳು. ಮೂರನೆಯದಕ್ಕೆ ಅವ್ವಿ ಸೀದಾ ತುದಿಗೆ ಹೋಗಿ ನಿಂತಳು. ಟ್ಯಾಂಕರ್ ಬಾರದ ದಿನ ನೀರು ಕಾಣದ ಕಂಬ.

ಹತ್ತಿರ ಹೋಗಿ ಅವಳ ಸೆರಗು ಜಗ್ಗಿದೆ. "ಅವ್ವಿ, ಇದು ಬೇಡ. ಅದರ ಪಕ್ಕದ್ದು ತೋರಿಸು."

"ಯಾಕೆ?"

"ಇದು ಕಮ್ಮಿ ಬಂದರೆ ನಿಮ್ಮೆಲ್ಲರ ಮೇಲೇ ಬರ್ತದೆ. ಯಾರಿಗೂ ಗೊತ್ತಾಗೂದಿಲ್ಲ, ಪಕ್ಕದ್ದು ತೋರಿಸು."

ಅವಳು ನನ್ನನ್ನು ನೋಡಿದಳು, ಬೇರೆ ಯಾರದೋ ಮಗಳನ್ನು ನೋಡುವ ಹಾಗೆ. "ನಂಗೆ ಗೊತ್ತದ್ಯಲ್ಲೇ. ಇದು ಗಟ್ಟಿ ಇದ್ರೆ ಉಳ್ದದ್ದು ಕೇಳೂದೇ ಬೇಡ. ಗಟ್ಟಿ ಇಲ್ದಿದ್ರೆ, ಕಾಯ್ಲೆ ಬಿದ್ದವ್ರನ್ನ ಇದ್ರ ಕೆಳಗೆ ಮಲಗ್ಸೂದ್ಯಾ?" ಬೀರಿಯ ಕೈಯಿಂದ ಸುಣ್ಣ ತೆಗೆದುಕೊಂಡು ತಾನೇ ದುಂಡಗೆ ಗುರುತು ಹಾಕಿದಳು.

ನಿತೇಶ ಇದನ್ನೆಲ್ಲ ನೋಡುತ್ತಿದ್ದ. ಉಗಿಯಲು ಬಾಯಿಗೆ ತಂದದ್ದನ್ನು ನುಂಗಿಕೊಂಡ.

ನನ್ನ ಬಾಯಲ್ಲಿ ಇನ್ನೂ ಆ ಪಿಸುಮಾತಿನ ರುಚಿ ಇದೆ. ಗಂಧಕಕ್ಕಿಂತ ಕೆಟ್ಟದ್ದು. ಹೆಚ್ಚು ಬರೆಯುವುದಿಲ್ಲ.

೧೨ ಮಾರ್ಚ್, ಭಾನುವಾರ

ಮೂರೂ ಕೋರಿನ ತುದಿ ಉಜ್ಜಿ ಆಗಿದೆ. ಲ್ಯಾಬಿನ ನೀರಿನ ತೊಟ್ಟಿಯಲ್ಲಿ ಮಲಗಿವೆ. ನಾಳೆ ಒಡೆಯುತ್ತೇವೆ. ಅವ್ವಿಯ ಕಂಬದ್ದಕ್ಕೆ ನೀಲಿ ಪೆನ್ನಿನಲ್ಲಿ ಮೂರು ಎಂದು ಬರೆದಿದ್ದೇನೆ. ನೋಡಲಿಕ್ಕೆ ಉಳಿದೆರಡರ ಹಾಗೆಯೇ ಇದೆ. ನೋಡಿ ತಿಳಿಯುವುದಿಲ್ಲ.

ಸಂಜೆ ಜಗಲಿಯಲ್ಲಿ ಗುಂಪಿನವರೆಲ್ಲ ಸೇರಿದ್ದರು. ಆರು ಜನ. ತಮ್ಮ ಕೂಲಿ ಕಿತ್ತ ಯಂತ್ರವನ್ನು ಯಾರೂ ನೋಡಿದವರಲ್ಲ.

"ದೊಡ್ಡದಾ ಅದು?" ಸುಕ್ರಿ ಕೇಳಿದಳು.

"ನಿನ್ನ ಗಂಡನಕಿಂತ ಸಣ್ಣದಿರ್ಬೇಕು," ಬೀರಿ ಅಂದಳು. "ಅಬ್ಬಲಿ ಹೂ ಒಯ್ಯುವ. ಮುಡಿಸಿದ್ರೆ ಒಂದೆರಡು ಅಂಕಿ ಜಾಸ್ತಿ ಕೊಡ್ತದೇನೋ. ಅಲ್ವೇ ಗಾಯತ್ರಿ?"

"ಕೊಡೂದಿಲ್ಲ," ಎಂದೆ.

"ಕೊಡ್ದಿದ್ರೆ ವಾಪಸ್ ಬರೂವಾಗ ನಾವೇ ಮುಡ್ಕಂಡು ಬರೂದು."

ಎಲ್ಲರೂ ನಕ್ಕರು. ಅವ್ವಿ ನಗಲಿಲ್ಲ. ಅವಳು ಬೆಳಿಗ್ಗೆ ಉಡುವ ಸೀರೆಯನ್ನು ಮಡಿಕೆ ಮಾಡಿ ತಲೆದಿಂಬಿನ ಕೆಳಗಿಟ್ಟಳು. ಎಷ್ಟು ಬರಬೇಕು ಎಂದು ಕೇಳಿದಳು. ಮೂರರ ಸರಾಸರಿ ಐವತ್ತೊಂದು, ಯಾವ ಒಂದೂ ನಲವತ್ತೈದಕ್ಕೆ ಕಡಿಮೆ ಇಲ್ಲ, ಎಂದೆ. ಅರವತ್ತಲ್ವಾ ಎಂದಳು. ಕಂಬದಿಂದ ಕೊರೆದು ತೆಗೆದದ್ದು ಅಚ್ಚಿನಲ್ಲಿ ಹಾಕಿದ ಕ್ಯೂಬಿನಷ್ಟು ತೋರಿಸುವುದಿಲ್ಲ, ಅದಕ್ಕೆ ಅಷ್ಟು ಬಿಡುತ್ತಾರೆ, ಅದು ನ್ಯಾಯ, ಎಂದು ವಿವರಿಸಿದೆ. ಅವಳು ತಲೆಯಾಡಿಸಿ, ಮೂರನೇದು ಕಡೀಗೆ ಒಡೀರಿ ಎಂದಳು.

ಎಲ್ಲರಿಗೂ ಹೇಳಿಯಾಗಿದೆ. ನಿತೇಶನಿಗೂ ಫೋನು ಮಾಡಿದ್ದೇನೆ, ಕಾರು ಬೇಡ, ನಮ್ಮ ಜೊತೆಗೇ ಬರಲಿ ಎಂದು. ನಾಳೆ ಸೋಮವಾರ, ಮಾರ್ಚ್ ಹದಿಮೂರು, ಬೆಳಿಗ್ಗೆ ಎಂಟು ಗಂಟೆಗೆ, ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ, ಶೇಂಗಾ ಗಾಡಿಯ ಪಕ್ಕ, ಕಾರವಾರದ ಬಸ್ಸು ನಿಲ್ಲುವಲ್ಲಿ.